ಕೆರೆಯ ಏರಿಯೂ ಸೈಕಲ್ಲಿನ ದಾರಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೆಲವರು ಕಳೆದ ವರ್ಷ ನನ್ನಲ್ಲಿಗೆ ಬಂದಿದ್ದರು. ಬೆಂಗಳೂರಿನಲ್ಲಿ ಪ್ರತಿ ಭಾನುವಾರವೂ ಸೈಕಲ್ ಸವಾರಿ ಮಾಡುವುದು ಅವರ ರೂಢಿಯಂತೆ. ಹುಟ್ಟಿದೂರಿನ ಸುತ್ತಲ ಕಾಡು, ಕೆರೆ, ಬೆಟ್ಟಗಳನ್ನೂ ಹಾಗೆಯೇ ನೋಡಬೇಕೆಂದಿದ್ದೇವೆ, ಯಾವ ದಾರಿ ಹಿಡಿಯಬೇಕೆಂದು ಕೇಳಿದರು. ವ್ಯಾಕರಣ ಛಂದಸ್ಸುಗಳನ್ನು ಬೋಧಿಸುವವನಲ್ಲಿ ಈ ಪ್ರಶ್ನೆಯೇಕೆಂದು ವಾಚಕರು ಶಂಕಿಸಬಹುದು. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ನಾನು ಸೈಕಲ್ಲಿನಲ್ಲಿಯೇ ಪಾಠಶಾಲೆಗೆ ಬಂದವನೆಂಬುದನ್ನು ಅವರು ಬಲ್ಲರು. ಅಂದು ಬಾಯಿಮಾತಿನಲ್ಲಿ ಹೇಳಿದುದನ್ನೇ ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

ಮೊದಲು ಒಂದು ಶಬ್ದವಿಚಾರ. 'ಏರು' ಎಂಬ ಧಾತುವಿನಿಂದ 'ಏರಿ' ಎಂಬ ನಾಮಪದ ಹುಟ್ಟಿದೆ. ಕೆರೆಯ ನೀರನ್ನು ತಡೆಯಲು ಎತ್ತರಿಸಿದ ಮಣ್ಣಿನ ಒಡ್ಡೇ ಏರಿ. ಆದರೆ ಸೈಕಲ್ ಸವಾರನಿಗೆ ಏರಿನಿಂದ ಬಿಡುಗಡೆ ದೊರೆಯುವುದು ಏರಿಯ ಮೇಲೆಯೇ. ನಿಂತ ನೀರು ಸಮತಲವಾದುದರಿಂದ ಅದನ್ನು ತಡೆದ ಏರಿಯ ತಲೆಯೂ ಸಮತಲವಾಗಿರಬೇಕು. ಸಮವಾದ ನೆಲದ ಬೆಲೆ ಏನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಪ್ಪತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ 1 ಕಿ.ಮೀ. ಹೋದವನು 50 ಮೀಟರ್ ಮೇಲೇರಿರುತ್ತಾನೆ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಗಿದರೆ, ಆ ಶ್ರಮವು 16 ಲೀಟರಿನ ಐದು ಕೊಡ ನೀರನ್ನು 50 ಮೀಟರ್ ಆಳದ ಬಾವಿಯಿಂದ ಸೇದಿದುದಕ್ಕೆ ಸಮ. ಆದ್ದರಿಂದ ದಾರಿಯನ್ನು ಆರಿಸುವಾಗ ದೂರಕ್ಕಿಂತ ಮೊದಲು ನೀರು ಯಾವ ಕಡೆಗೆ ಹರಿಯುತ್ತದೆಂಬುದನ್ನು ವಿಚಾರಿಸಬೇಕು. ಒಂದು ಕೆರೆಯ ಕೋಡಿ ಮುಂದಿನ ಕೆರೆಯನ್ನು ತುಂಬುವುದು ನಮ್ಮ ಸೀಮೆಯ ಕ್ರಮ. ಆ ಸಾಲನ್ನು ಅನುಸರಿಸಿದ ಹಳ್ಳಿಯ ದಾರಿ ಮೆಲ್ಲಗೆ ಇಳಿಯುತ್ತದೆ. ಅದನ್ನು ಅಡ್ಡಹಾಯುವ ದಾರಿ ದಿಣ್ಣೆ ಹತ್ತಿ ಹಳ್ಳಕ್ಕಿಳಿದು ಮತ್ತೆ ದಿಣ್ಣೆ ಹತ್ತುತ್ತದೆ.

ಈ ಸೀಮೆಯ ನೀರಿಗೆ ಮುಖ್ಯವಾಗಿ ಮೂರು ಹಾದಿಗಳು. ಉತ್ತರದಲ್ಲಿ ಕಾವೇರಿ, ದಕ್ಷಿಣದಲ್ಲಿ ಕಪಿಲೆ, ನಡುವೆ ಲಕ್ಷ್ಮಣತೀರ್ಥ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಹುಣಸೂರನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹುಣಸೂರನ್ನು ನಡುವಿಟ್ಟುಕೊಂಡರೆ ಮೂರು ಸಂಚಾರಗಳನ್ನು ಏರ್ಪಡಿಸಬಹುದು.

ಮೊದಲನೆಯದು ಹುಣಸೂರಿನಿಂದ ಕೃಷ್ಣರಾಜನಗರಕ್ಕೆ. ಹೊಸಬರಿಗೆ ಇದೇ ಯೋಗ್ಯ. ದೂರವು ಸುಮಾರು 25 ಕಿ.ಮೀ.; ನದಿಯೊಡನೆ ಈಶಾನ್ಯಕ್ಕೆ ಸಾಗುವುದರಿಂದ ಕಾಲಿಗೆ ಆಯಾಸ ಕಡಿಮೆ. ಹನಗೋಡು, ಕಟ್ಟೆಮಳಲವಾಡಿಗಳಲ್ಲಿ ಲಕ್ಷ್ಮಣತೀರ್ಥಕ್ಕೆ ಹಳೆಯ ಅಣೆಕಟ್ಟೆಗಳಿವೆ. 'ಕಟ್ಟು' ಎಂಬ ಕ್ರಿಯೆಯಿಂದ ಬಂದ 'ಕಟ್ಟೆ' ಊರಿನ ಹೆಸರಿನಲ್ಲಿಯೇ ನಿಂತಿರುವುದನ್ನು ಮಕ್ಕಳಿಗೆ ತೋರಿಸಬೇಕು. ಮುಂದೆ ಬತ್ತದ ಬಯಲು. ಕೃಷ್ಣರಾಜನಗರವು ಹಳೆಯ ಎಡತೊರೆಯ ಬಳಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಹೊಸ ಊರು. ಇನ್ನೂ ಸಣ್ಣ ಸವಾರಿ ಸಾಕೆನ್ನುವವರು ಮೈಸೂರು ದಾರಿಯ ಬಿಳಿಕೆರೆಯ ಕಡೆಗೆ ಹೋಗಬಹುದು. ಆ ಸಮೀಪದ ಅರಬಿತಿಟ್ಟು 1985ರಲ್ಲಿ ವನ್ಯಜೀವಿಧಾಮವಾಯಿತು. ಅದರ ವಿಸ್ತಾರ 13.5 ಚದರ ಕಿ.ಮೀ. ಮಾತ್ರ.

ಎರಡನೆಯದು ದೊಡ್ಡ ಸುತ್ತು. ಹುಣಸೂರು, ಪಿರಿಯಾಪಟ್ಟಣ, ಬೆಟ್ಟದಪುರ, ಚುಂಚನಕಟ್ಟೆ, ಕೃಷ್ಣರಾಜನಗರ, ಮರಳಿ ಹುಣಸೂರು. ಒಟ್ಟು ಸುಮಾರು 100 ಕಿ.ಮೀ. ಎರಡು ದಿನ ಇರಿಸಿಕೊಳ್ಳುವುದು ಲೇಸು. ಪಿರಿಯಾಪಟ್ಟಣದವರೆಗೆ ನೆಲ ಪಶ್ಚಿಮಕ್ಕೆ ಏರುತ್ತದೆ. ಹೆದ್ದಾರಿಯಲ್ಲಿ ಲಾರಿ ಬಸ್ಸುಗಳ ಸಂದಣಿಯುಂಟು. ಆದ್ದರಿಂದ ಈ ಭಾಗವನ್ನು ನಸುಕು ಹರಿದೊಡನೆ ಮುಗಿಸಬೇಕು. ಇದು ಹೊಗೆಸೊಪ್ಪಿನ ಸೀಮೆ. ಮಳೆಗಾಲದ ಕೊನೆಯಲ್ಲಿ ಬ್ಯಾರನ್‌ಗಳಲ್ಲಿ ಸೊಪ್ಪು ಹದವಾಗುವಾಗ ಅದರ ವಾಸನೆ ದಾರಿಗೂ ಬರುತ್ತದೆ. ಬೆಟ್ಟದಪುರದ ಬೆಟ್ಟವು ಸಮುದ್ರಮಟ್ಟದಿಂದ 4,000 ಅಡಿಗೂ ಮೇಲ್ಪಟ್ಟು ಎತ್ತರವಿದೆ. ಸೈಕಲ್ಲನ್ನು ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿದರೆ ಸಿಡಿಲು ಮಲ್ಲಿಕಾರ್ಜುನನ ಗುಡಿ. ಅಲ್ಲಿಂದ ನೋಡಿದವನಿಗೆ ತಾನು ತುಳಿದ ದಾರಿ, ತುಳಿಯಬೇಕಾದ ದಾರಿ ಎರಡೂ ಕಾಣುತ್ತವೆ. ಬೆಟ್ಟ ಇಳಿದು ಪೂರ್ವಕ್ಕೆ ಹೊರಟರೆ ಚುಂಚನಕಟ್ಟೆ. ಅಲ್ಲಿ ಕಾವೇರಿಯು ಸುಮಾರು 20 ಮೀಟರ್ ಧುಮುಕುತ್ತಾಳೆ.

ಮೂರನೆಯದು ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ, ಅಲ್ಲಿಂದ ಸರಗೂರು, ಬಿದರಹಳ್ಳಿಗಳ ಕಡೆಗೆ. ಇದು ನೀರಿನ ಸಾಲನ್ನು ಅಡ್ಡಹಾಯುವ ದಾರಿ. ಲಕ್ಷ್ಮಣತೀರ್ಥದ ನೀರು ಎಲ್ಲಿ ಮುಗಿಯಿತು, ಕಪಿಲೆಯದು ಎಲ್ಲಿ ಮೊದಲಾಯಿತು ಎಂಬುದು ನಕ್ಷೆಯಿಲ್ಲದೆಯೂ ಮೊಣಕಾಲಿಗೆ ತಿಳಿಯುತ್ತದೆ. ಕಪಿಲೆಗೆ 1974ರಲ್ಲಿ ಮುಗಿದ ಅಣೆಕಟ್ಟು ಬಿದರಹಳ್ಳಿ, ಬೀಚನಹಳ್ಳಿಗಳ ನಡುವೆ ಇದೆ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ತಾರಕ, ನುಗು ಜಲಾಶಯಗಳೂ ಈ ಭಾಗದಲ್ಲಿಯೇ ಇವೆ. ಆನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆಯೂ ಇದೇ ಸೀಮೆಯದು; ಅಲ್ಲಿನ ಕಡೆಯ ಖೆಡ್ಡಾ ನಡೆದುದು 1971ರಲ್ಲಿ.

ಇಲ್ಲಿ ಎಚ್ಚರಿಕೆಯ ಮಾತು ಅಗತ್ಯ. ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಅನಂತರ ಹುಲಿ ಸಂರಕ್ಷಿತ ಪ್ರದೇಶವಾಯಿತು. ಬಾವಲಿಯ ಕಡೆಗೆ ಕಾಡಿನೊಳಗೆ ಹಾಯುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತೆರೆದಿರುವಾಗಲೂ ಆ ದಾರಿ ಸೈಕಲ್ಲಿಗೆ ತಕ್ಕುದಲ್ಲ. ಕಾಡಂಚಿನ ಹಳ್ಳಿಗಳಲ್ಲಿಯೂ ಬಿಸಿಲೇರಿದ ಮೇಲೆ ಹೊರಟು, ಹೊತ್ತು ಮುಳುಗುವ ಮೊದಲು ಊರು ಸೇರಬೇಕು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುವರು. ಆ ಹುಲ್ಲಿನ ಮೇಲೆ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ.

ಸುಗ್ಗಿಯೆಂದಾಗ ನನ್ನದೊಂದು ತಪ್ಪು ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ಕಾಡಂಚಿನ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಒಂದು ವಾರದಲ್ಲಿ ಮೂರು ದಿನ ತಡವಾಗಿ ಬಂದ. ಮೂರನೆಯ ದಿನ ನಾನು ಕಾರಣ ಕೇಳದೆ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಸಂಜೆ ಸಹಪಾಠಿಯೊಬ್ಬನಿಂದ ವಿಷಯ ತಿಳಿಯಿತು. ರಾಗಿಯ ಹೊಲಕ್ಕೆ ಇಳಿದ ಆನೆಗಳು ಬೆಳಗಾದರೂ ಕೆರೆಯ ಏರಿಯನ್ನು ಬಿಟ್ಟಿರಲಿಲ್ಲ. ಅವು ಕಾಡಿಗೆ ಮರಳುವವರೆಗೆ ಹುಡುಗ ಒಬ್ಬನೇ ಹುಣಸೆಮರದ ಮರೆಯಲ್ಲಿ ಸೈಕಲ್ ಹಿಡಿದು ನಿಂತಿದ್ದ. ಮರುದಿನ ತರಗತಿಯ ಮುಂದೆಯೇ ಅವನಲ್ಲಿ ಕ್ಷಮೆ ಕೇಳಿದೆ. 'ಪರವಾಯಿಲ್ಲ ಸಾರ್' ಎಂದು ತಲೆ ತಗ್ಗಿಸಿ ಕುಳಿತ. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ.

ಆದುದರಿಂದ ಈ ಲೇಖನವು ಹಳೆಯ ವಿದ್ಯಾರ್ಥಿಗಳ ವಿಹಾರಕ್ಕಷ್ಟೇ ಮೀಸಲಲ್ಲ. ಅವರು ರಜೆಯಲ್ಲಿ ಒಮ್ಮೆ ಸಂತೋಷಕ್ಕಾಗಿ ತುಳಿಯುವ ದಾರಿಯನ್ನೇ ನಮ್ಮ ಮಕ್ಕಳು ಓದಿಗಾಗಿ ದಿನಕ್ಕೆ ಎರಡು ಬಾರಿ ತುಳಿಯುತ್ತಾರೆ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಸರ್ಕಾರದ ಯೋಜನೆ 2006-07ರಲ್ಲಿ ಆರಂಭವಾಗಿ, ಕೋವಿಡ್ ಕಾಲದಲ್ಲಿ ನಿಂತಿತು. ಅದರಿಂದ ಎಷ್ಟು ಹೆಣ್ಣುಮಕ್ಕಳು ಪ್ರೌಢಶಾಲೆಯ ಹೊಸ್ತಿಲು ದಾಟಿದರೆಂಬುದನ್ನು ಉಪಾಧ್ಯಾಯರು ಕಣ್ಣಾರೆ ಕಂಡಿದ್ದಾರೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಈ ದಾರಿಗಳಲ್ಲಿ ಸಂಚರಿಸುವಾಗ ಎಲ್ಲಿ ಏರಿಯ ಅಂಚು ಕುಸಿದಿದೆ, ಎಲ್ಲಿ ತಿರುವಿನಲ್ಲಿ ಕಲ್ಲುಕಂಬವಿಲ್ಲ ಎಂಬುದನ್ನು ಬರೆದುಕೊಂಡು ಬಂದು ಶಾಲೆಗೆ ತಿಳಿಸಲಿ. ದಾನಿಗಳು ಸೈಕಲ್ ನಿಲ್ಲಿಸಲು ಒಂದು ಮಾಡು, ಗಾಳಿ ತುಂಬುವ ಒಂದು ಪಂಪು, ಹಿಂಬದಿಗೆ ಹೊಳೆಯುವ ಕೆಂಪು ಬಿಲ್ಲೆ ಇವುಗಳನ್ನು ಸಣ್ಣ ದಾನವೆಂದು ಬಗೆಯದಿರಲಿ. ಸಹೋದ್ಯೋಗಿಗಳಾದ ಉಪಾಧ್ಯಾಯರು ರಾಗಿಯ ಸುಗ್ಗಿಯಲ್ಲಿ ತಡವಾಗಿ ಬಂದ ಮಗುವನ್ನು ಮೊದಲು ಒಳಗೆ ಕೂರಿಸಲಿ. ಕಾರಣವನ್ನು ಆಮೇಲೆ ಕೇಳಲಿ.