ಬಾಣಂತಿ ಯಾಕೆ ಸತ್ತಳು?

ಜೆರುಶಾ ಝಿರಾಡ್ ಹುಟ್ಟಿದ್ದು ಶಿವಮೊಗ್ಗದಲ್ಲಿ, 1890ರಲ್ಲಿ. ಬೆನೆ ಇಸ್ರೇಲ್ ಯಹೂದಿ ಮನೆತನ. ಅಕ್ಕನಿಗೆ ಕಾಯಿಲೆ ವಿಪರೀತವಾದಾಗ ಮುಂಬಯಿಯ ಕಾಮಾ ಆಸ್ಪತ್ರೆಯ ವೈದ್ಯೆಯೊಬ್ಬರು ಬದುಕಿಸಿಕೊಟ್ಟರು. ತಾನೂ ಡಾಕ್ಟರಾಗಬೇಕೆಂದು ಹುಡುಗಿ ಆಗಲೇ ಹಟ ಹಿಡಿದಳಂತೆ. ಮುಂದೆ ಲಂಡನ್ನಿಗೆ ಹೋಗಿ ಪ್ರಸೂತಿ ಶಾಸ್ತ್ರದಲ್ಲಿ ಎಂ.ಡಿ. ಮಾಡಿಕೊಂಡು ಬಂದು, 1928ರಿಂದ 1947ರವರೆಗೆ ಅದೇ ಕಾಮಾ ಆಸ್ಪತ್ರೆಯನ್ನು ನಡೆಸಿದರು. 1966ರಲ್ಲಿ ಪದ್ಮಶ್ರೀಯೂ ಬಂತು. ಶಿವಮೊಗ್ಗಕ್ಕೆ ಮಾತ್ರ ಅವರ ನೆನಪಿದ್ದಂತಿಲ್ಲ.

ನನಗೆ ಅವರು ಮುಖ್ಯವಾಗುವುದು ಪದ್ಮಶ್ರೀಯಿಂದಲ್ಲ, ಭಾರತ ಸರ್ಕಾರ 1941ರಲ್ಲಿ ಅಚ್ಚು ಹಾಕಿಸಿದ ಅವರ ಒಂದು ವರದಿಯಿಂದ. ಮುಂಬಯಿ ನಗರದಲ್ಲಿ ಬಸುರಿ-ಬಾಣಂತಿಯರು ಸಾಯುವುದಕ್ಕೆ ಕಾರಣವೇನು ಎಂಬುದೇ ಅದರ ವಿಷಯ. ಮದರಾಸಿನಲ್ಲಿ ಎ.ಎಲ್. ಮುದಲಿಯಾರ್ ಅದಕ್ಕೂ ಮೊದಲೇ ಇಂಥದೊಂದು ತನಿಖೆ ಮಾಡಿದ್ದರು. ಎಷ್ಟು ಮಂದಿ ಸತ್ತರು ಎಂದು ಲೆಕ್ಕ ಹಾಕಿ ದಫ್ತರ ಮುಚ್ಚುವ ಕಾಲದಲ್ಲಿ ಇವರಿಬ್ಬರೂ ಯಾಕೆ ಸತ್ತರು ಎಂದು ಕೇಳಿದವರು.

ಆಗ ನಮ್ಮ ಉತ್ತರ ಕನ್ನಡವೂ ಮುಂಬಯಿ ಪ್ರಾಂತ್ಯದ್ದೇ. ಆದರೆ ನಗರದಲ್ಲಿ ಎದ್ದ ಪ್ರಶ್ನೆ ಕಾರವಾರ, ಅಂಕೋಲೆಯ ಹಳ್ಳಿಗಳವರೆಗೆ ಬರಲಿಲ್ಲ. ಬ್ರಿಟಿಷರ ಕಾಲದ ಹಳ್ಳಿಯ ಜನನ-ಮರಣ ಪುಸ್ತಕಗಳಲ್ಲಿ ಸಾವಿಗೆ ಅತಿ ಹೆಚ್ಚು ಸಲ ಬರೆದ ಕಾರಣ ‘ಜ್ವರ’. ಮಲೇರಿಯಾ ಆದರೂ ಜ್ವರ, ಟೈಫಾಯ್ಡ್ ಆದರೂ ಜ್ವರ, ಹೆರಿಗೆಯ ನಂಜೇರಿ ಹತ್ತನೇ ದಿನ ಸತ್ತ ಬಾಣಂತಿಗೂ ಜ್ವರವೇ. ಬರೆಯುವವರು ವೈದ್ಯರಲ್ಲ, ಊರ ಅಧಿಕಾರಿಗಳು. ಅವರನ್ನು ದೂರಿ ಫಲವಿಲ್ಲ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1969ರಲ್ಲಿ ಜನನ-ಮರಣ ನೋಂದಣಿ ಕಾಯ್ದೆ ಬಂತು. ಅಷ್ಟರೊಳಗೆ ಇಂಗ್ಲೆಂಡ್ 1952ರಿಂದಲೇ ಒಂದೊಂದು ತಾಯಿ ಮರಣವನ್ನೂ ಗುಟ್ಟಾಗಿ ವಿಚಾರಿಸಿ, ಪಾಠವನ್ನು ಬಹಿರಂಗವಾಗಿ ಹೇಳುವ ಪದ್ಧತಿ ಶುರು ಮಾಡಿತ್ತು. ನಮ್ಮ ಕೇಂದ್ರ ಸರ್ಕಾರ ತಾಯಿ ಮರಣ ಪರಿಶೀಲನೆಯ ಮಾರ್ಗಸೂಚಿ ಹೊರಡಿಸಿದ್ದು 2010ರಲ್ಲಿ. ಝಿರಾಡ್ ವರದಿಯಿಂದ ಇಲ್ಲಿಗೆ 69 ವರ್ಷ!

ಮಾರ್ಗಸೂಚಿಯೇನೋ ಚೆನ್ನಾಗಿದೆ. ನಮ್ಮ ಅಂಕೋಲೆ ಕಡೆಯ ಹಟ್ಟಿಕೇರಿಯನ್ನೇ ತೆಗೆದುಕೊಳ್ಳಿ. ಅಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಗಳು ಯಾರೇ ಸತ್ತರೂ ಆಶಾ ಕಾರ್ಯಕರ್ತೆ 24 ಗಂಟೆಯೊಳಗೆ ಮೇಲಕ್ಕೆ ತಿಳಿಸಬೇಕು. ಸತ್ತವಳು ಬಸುರಿಯೋ, ಹೆರಿಗೆಯಾಗಿ 42 ದಿನದೊಳಗಿನ ಬಾಣಂತಿಯೋ ಆಗಿದ್ದರೆ ಮನೆಗೆ ಹೋಗಿ ವಿಚಾರಿಸಬೇಕು. ಸಾವು ಆಸ್ಪತ್ರೆಯಲ್ಲಾದರೆ ಅಲ್ಲಿಯೂ ಪರಿಶೀಲನೆ. ಜಿಲ್ಲಾಧಿಕಾರಿಯ ಸಭೆಗೆ ಮನೆಯವರನ್ನೂ ಕರೆಸಬೇಕು.

ತೊಡಕಿರುವುದು ದಾರಿಯಲ್ಲಿ. ರಕ್ತಸ್ರಾವ ನಿಲ್ಲದವಳನ್ನು ಹಟ್ಟಿಕೇರಿ ಟೋಲ್ ಗೇಟ್ ದಾಟಿಸಿ ಕಾರವಾರಕ್ಕೆ ಒಯ್ಯುತ್ತಾರೆ. ಅಲ್ಲಿಂದ ‘ರೆಫರ್’ ಆದರೆ ಗೋವೆಯ ಬಾಂಬೋಲಿಯೋ ಮಣಿಪಾಲವೋ. ಸಾವು ನೋಂದಣಿಯಾಗುವುದು ಉಸಿರು ನಿಂತ ಊರಿನಲ್ಲಿ; ಪಾಠ ಕಲಿಯಬೇಕಾದದ್ದು ಹೊರಟ ಊರು. ನಡುವೆ ಒಂದು ಕಾಗದ ತಪ್ಪಿದರೆ ಎರಡೂ ಕಡೆ ಯಾರೂ ಕೇಳುವುದಿಲ್ಲ.

ಇನ್ನು ಆಸ್ಪತ್ರೆಯ ವೈದ್ಯರು ಮರಣದ ಕಾರಣ ಬರೆದುಕೊಡುವ ನಮೂನೆ 4. ಸತ್ತವಳು ಹೆಣ್ಣಾದರೆ ಸಾವಿಗೂ ಬಸಿರಿಗೂ ಸಂಬಂಧವಿತ್ತೇ, ಹೆರಿಗೆ ಆಗಿತ್ತೇ ಎಂದು ಅದರಲ್ಲೇ ಕೇಳಿದೆ. ಅದನ್ನು ಖಾಲಿ ಬಿಟ್ಟು, ಮೇಲೆ ‘ಹೃದಯ ಮತ್ತು ಉಸಿರಾಟ ಸ್ತಂಭನ’ ಎಂದು ಬರೆದರೆ ಮುಗಿಯಿತು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಅದು ಸಾವಿನ ಕಾರಣವಲ್ಲ, ಸಾವೇ. ಹಳೆಯ ಪುಸ್ತಕದ ಜ್ವರ ಎಂಬಿಬಿಎಸ್ ಮಾಡಿಕೊಂಡು ಬಂದಿದೆ, ಅಷ್ಟೆ.

ಕೊಪ್ಪಳದಲ್ಲಿ ಬೇರೆ ದಾರಿ ಹಿಡಿದವರಿದ್ದರು. ಬೆಂಗಳೂರಿನ ಐಐಎಂ ಯೋಜನೆಯೊಂದರಲ್ಲಿದ್ದ ಅದಿತಿ ಅಯ್ಯರ್, ಗೀತಾ ಸೇನ್ ಮತ್ತು ಸಂಗಡಿಗರು ಒಂದೊಂದು ಸಾವಿಗೂ ಹಲವರ ಹೇಳಿಕೆ ಕೂಡಿಸಿದರು. ಮನೆಯವರದೊಂದು ಕಥೆ, ಆಸ್ಪತ್ರೆಯವರದೊಂದು. ಒಂದು ಕೊಲೆಗೆ ನಾಲ್ಕು ಸಾಕ್ಷಿ ಹೇಳಿಸುವ ಕುರೊಸಾವಾನ ‘ರಾಶೊಮೊನ್’ ಸಿನಿಮಾದ ಹೆಸರನ್ನೇ 2013ರ ತಮ್ಮ ಪ್ರಬಂಧಕ್ಕೆ ಇಟ್ಟರು. ‘ಮನೆಯವರು ತಡವಾಗಿ ಕರೆತಂದರು’ ಎಂಬ ಒಂದೇ ಸಾಲಿಗೆ ಫೈಲು ಮುಚ್ಚುವ ಕಡೆ ಈ ಪದ್ಧತಿ ಬೇಕೇ ಬೇಕು. ಬೇಗ ಬಂದವಳನ್ನು ಎಷ್ಟು ಆಸ್ಪತ್ರೆ ಸುತ್ತಿಸಿದರು, ರಕ್ತ ಎಷ್ಟು ಹೊತ್ತಿಗೆ ಸಿಕ್ಕಿತು ಎಂಬುದು ಆ ಸಾಲಿನಲ್ಲಿ ಬರುವುದಿಲ್ಲ.

ಕರ್ನಾಟಕದಲ್ಲಿ ಸಾವು ಇಳಿದಿರುವುದು ನಿಜ. ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಬಂತು. ಆಗ ಕೇರಳದಲ್ಲಿ 19. ಅಲ್ಲಿನ ಪ್ರಸೂತಿ ತಜ್ಞರ ಸಂಘ 2004ರಿಂದಲೇ ಗೋಪ್ಯ ಪರಿಶೀಲನೆ ನಡೆಸಿ, ಕಲಿತದ್ದನ್ನು ಪುಸ್ತಕವಾಗಿ ಹೊರತಂದಿದೆ. ನಮಗೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸಾಯಬೇಕಾಯಿತು. ಗದ್ದಲವಾದ ಮೇಲೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳ ಆಡಿಟ್ ನಡೆಯಿತು. ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂಬ ಉತ್ತರ ಬಂತು. 2010ರ ನಿಯಮದಂತೆ ಈ ಸಾವುಗಳನ್ನೆಲ್ಲ ಆಯಾ ಜಿಲ್ಲೆಯ ಸಮಿತಿಗಳೇ ನೋಡಬೇಕಿತ್ತು. ಅವು ಸರಿಯಾಗಿ ನೋಡಿದ್ದರೆ ಈ ಮಾತು ತಿಳಿಯಲು ಬಳ್ಳಾರಿಯೇ ಆಗಬೇಕಿತ್ತೇ?

ತಾಯಿಯ ಹೆಸರು, ವೈದ್ಯರ ಹೆಸರು ತೆಗೆದು ಜಿಲ್ಲೆ ಜಿಲ್ಲೆಯ ಪರಿಶೀಲನೆಯನ್ನು ಪ್ರತಿವರ್ಷ ಕನ್ನಡದಲ್ಲಿ ಅಚ್ಚು ಹಾಕಲಿ. ಮೊದಲ ಪ್ರತಿ, ಸಾವಿನ ಸುದ್ದಿಯನ್ನು ಮೊದಲು ಮುಟ್ಟಿಸುವ ಆಶಾ ಕಾರ್ಯಕರ್ತೆಗೇ ಸಿಗಲಿ. ಮುಂದಿನ ಬಸುರಿಯ ಮನೆಗೆ ಹೋಗುವವಳೂ ಅವಳೇ.