ಎಳೆಯ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಮತ್ತು ವೈರಾಣು ಭೇದಿ: ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗೆ

ಹಸುಗೂಸಿಗೆ ವಾಂತಿಭೇದಿಯಾದಾಗ ಹಲ್ಲು ಬರುತ್ತಿದೆಯೆಂದೋ, ದೃಷ್ಟಿ ತಗುಲಿದೆಯೆಂದೋ, ತಾಯಿ ತಿಂದ ಆಹಾರ ಒಗ್ಗಲಿಲ್ಲವೆಂದೋ ಹೇಳುವುದು ಗ್ರಾಮಗಳಲ್ಲಿ ಸಾಮಾನ್ಯ. ವಾಸ್ತವದಲ್ಲಿ ಎರಡು ವರ್ಷದೊಳಗಿನ ಮಕ್ಕಳ ತೀವ್ರ ಭೇದಿಗೆ ಅನೇಕ ಬಾರಿ ವೈರಾಣುಗಳೇ ಕಾರಣವಾಗಿರುತ್ತವೆ. ಅವುಗಳಲ್ಲಿ ರೋಟಾ ವೈರಾಣು ಪ್ರಮುಖವಾದುದು. ಈ ವೈರಾಣು ಮಗುವಿನ ಕರುಳನ್ನು ಸೇರಿದ ಮೇಲೆ ಏನಾಗುತ್ತದೆ ಎಂಬುದು ಅಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಾಗಳನ್ನೂ ಒಂದಷ್ಟು ಮಟ್ಟಿಗೆ ಅವಲಂಬಿಸಿದೆ ಎಂದು ಈಚಿನ ಸಂಶೋಧನೆಗಳು ತೋರಿಸಿವೆ. ಆ ಬ್ಯಾಕ್ಟೀರಿಯಾಗಳ ಸ್ಥಿತಿಯಾದರೋ ತಾಯಿಯ ಹಾಲು, ಕುಡಿಯುವ ನೀರು, ಅಂಗಳದ ಸ್ವಚ್ಛತೆ ಮತ್ತು ಅನಗತ್ಯ ಔಷಧಗಳ ಬಳಕೆಯಿಂದ ನಿರ್ಧಾರವಾಗುತ್ತದೆ. ಇವುಗಳಲ್ಲಿ ಹಲವು ಪಂಚಾಯಿತಿಯ ಕಾರ್ಯವ್ಯಾಪ್ತಿಗೆ ಸೇರಿದವು. ಆದುದರಿಂದ ಸದಸ್ಯರು ಈ ವಿಷಯವನ್ನು ಅರಿತಿರುವುದು ಅಗತ್ಯ.

ಕರುಳಿನೊಳಗಿನ ಜೀವಿಗಳು

ಬ್ಯಾಕ್ಟೀರಿಯಾ ಎಂದೊಡನೆ ರೋಗವೆಂದು ಭಾವಿಸುವುದು ಸರಿಯಲ್ಲ. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜಿಸಲಾಗಿದೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲಿ ವಾಸಿಸುತ್ತವೆ. ಆಹಾರದ ಜೀರ್ಣಕ್ರಿಯೆಗೆ ನೆರವಾಗುವುದು, ಕೆಲವು ಜೀವಸತ್ವಗಳನ್ನು ತಯಾರಿಸುವುದು, ಹಾನಿಕಾರಕ ಜೀವಿಗಳಿಗೆ ಎಡೆಗೊಡದಿರುವುದು ಹಾಗೂ ದೇಹದ ರಕ್ಷಣಾ ವ್ಯವಸ್ಥೆಯನ್ನು ಪಳಗಿಸುವುದು ಇವುಗಳ ಕೆಲಸ.

ಮಗು ಈ ಜೀವಿಗಳನ್ನು ಮುಖ್ಯವಾಗಿ ಹುಟ್ಟುವಾಗ ಮತ್ತು ಹುಟ್ಟಿದ ನಂತರ ಪಡೆಯುತ್ತದೆ. ತಾಯಿಯ ಹಾಲಿನಲ್ಲಿ ಮಗು ತಾನೇ ಜೀರ್ಣಿಸಿಕೊಳ್ಳಲಾಗದ ಒಂದು ಬಗೆಯ ಸಕ್ಕರೆಗಳಿವೆ. ಅವು ಬೈಫಿಡೋ ಎಂಬ ಬ್ಯಾಕ್ಟೀರಿಯಾಗಳಿಗೆ ಆಹಾರ. ಈ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಉಂಡು ಆಮ್ಲವನ್ನು ಉತ್ಪಾದಿಸುತ್ತವೆ. ಆ ಆಮ್ಲದಿಂದ ಅನೇಕ ರೋಗಕಾರಕಗಳ ಬೆಳವಣಿಗೆ ಕುಂಠಿತವಾಗುತ್ತದೆ. ತಾಯಿಯ ಹಾಲು ಮಗುವಿಗೆ ಮಾತ್ರವಲ್ಲದೆ ಮಗುವನ್ನು ಕಾಯುವ ಈ ಜೀವಿಗಳಿಗೂ ಉಣಿಸಾಗಿದೆ. ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು ಅಥವಾ ಹಸುವಿನ ಹಾಲು ನೆಕ್ಕಿಸುವುದು ಈ ಏರ್ಪಾಡನ್ನು ಆರಂಭದಲ್ಲಿಯೇ ಕೆಡಿಸುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲನ್ನಲ್ಲದೆ ನೀರನ್ನೂ ಕೊಡಬಾರದೆಂಬ ಸೂಚನೆಗೆ ಇದೂ ಒಂದು ಆಧಾರ.

ರೋಟಾ ವೈರಾಣುವಿನ ಹಾವಳಿ

ರೋಟಾ ವೈರಾಣುವನ್ನು 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಹೋದ್ಯೋಗಿಗಳು ಭೇದಿಯಿಂದ ನರಳುತ್ತಿದ್ದ ಮಕ್ಕಳ ಕರುಳಿನಲ್ಲಿ ಪತ್ತೆಹಚ್ಚಿದರು. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಚಾಚಿರುವ ಸೂಕ್ಷ್ಮ ಬೆರಳುಗಳ ತುದಿಯ ಕೋಶಗಳನ್ನು ಈ ವೈರಾಣು ನಾಶಪಡಿಸುತ್ತದೆ. ಆಹಾರ ಮತ್ತು ನೀರನ್ನು ಹೀರಿಕೊಳ್ಳುವ ಕೋಶಗಳು ಇವೇ ಆಗಿರುವುದರಿಂದ ಒಳಗೆ ಹೋದ ನೀರು ಭೇದಿಯಾಗಿ ಹೊರಬೀಳುತ್ತದೆ. ಮಗು ಸಾಯುವುದು ಬಹುತೇಕ ವೈರಾಣುವಿನಿಂದಲ್ಲ, ದೇಹದ ನೀರು ಮತ್ತು ಲವಣ ಬತ್ತುವುದರಿಂದ.

ರೋಗಿ ಮಗುವಿನ ಮಲದಲ್ಲಿ ಅಪಾರ ಸಂಖ್ಯೆಯ ವೈರಾಣುಗಳಿರುತ್ತವೆ. ಇನ್ನೊಂದು ಮಗುವಿಗೆ ಸೋಂಕು ತಗುಲಲು ಅವುಗಳಲ್ಲಿ ಕೆಲವೇ ಸಾಕು. ಕೈ, ಆಟಿಕೆ, ಪಾತ್ರೆ ಮತ್ತು ನೆಲದ ಮೇಲೆ ಅವು ಬಹಳ ಹೊತ್ತು ಜೀವಂತವಾಗಿರಬಲ್ಲವು. ಆದುದರಿಂದಲೇ ಶುದ್ಧ ನೀರಿನ ಸೌಲಭ್ಯವಿರುವ ಶ್ರೀಮಂತ ದೇಶಗಳಲ್ಲಿಯೂ ಲಸಿಕೆ ಬರುವ ಮುನ್ನ ಬಹುತೇಕ ಎಲ್ಲ ಮಕ್ಕಳಿಗೂ ಈ ಸೋಂಕು ತಗುಲುತ್ತಿತ್ತು. ಸ್ವಚ್ಛತೆಯೊಂದರಿಂದಲೇ ಈ ರೋಗವನ್ನು ತಡೆಯಲಾಗದು; ಲಸಿಕೆಯೂ ಬೇಕು.

ಬ್ಯಾಕ್ಟೀರಿಯಾ ಸದಾ ಮಿತ್ರನಲ್ಲ

ಕರುಳಿನ ಬ್ಯಾಕ್ಟೀರಿಯಾಗಳೆಲ್ಲವೂ ವೈರಾಣುವಿನ ವಿರುದ್ಧ ಹೋರಾಡುತ್ತವೆ ಎನ್ನಲಾಗದು. ಎಳೆಯಾಕಾರದ ಒಂದು ಜಾತಿಯ ಬ್ಯಾಕ್ಟೀರಿಯಾ ಇಲಿಗಳನ್ನು ರೋಟಾ ಸೋಂಕಿನಿಂದ ರಕ್ಷಿಸುತ್ತದೆ ಎಂದು 2019ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಆದರೆ 2011ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಪೋಲಿಯೊ ವೈರಾಣು ಕರುಳಿನ ಬ್ಯಾಕ್ಟೀರಿಯಾಗಳ ನೆರವನ್ನೇ ಪಡೆದು ಇಲಿಗಳಲ್ಲಿ ಬಲಗೊಳ್ಳುವುದು ಕಂಡುಬಂದಿತು. ಇಲಿಗಳಲ್ಲಿ ಕಂಡುದೆಲ್ಲವೂ ಮಕ್ಕಳಿಗೆ ಅನ್ವಯಿಸುವುದಿಲ್ಲ. ಯಾವ ಬ್ಯಾಕ್ಟೀರಿಯಾ, ಯಾವ ವೈರಾಣು, ಯಾವ ವಯಸ್ಸು ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಯ್ದ ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಅದಕ್ಕೆ ಆಹಾರವಾಗುವ ಸಕ್ಕರೆಯೊಡನೆ ಕೊಟ್ಟಾಗ ರಕ್ತನಂಜು ಮತ್ತು ಸಾವಿನ ಒಟ್ಟು ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ಇದು ಆಶಾದಾಯಕ ಫಲಿತಾಂಶ. ಆದರೆ ಅದು ನಿರ್ದಿಷ್ಟ ತಳಿಗೆ, ವೈದ್ಯಕೀಯ ನಿಗಾದಲ್ಲಿ ಕೊಟ್ಟ ಪ್ರಮಾಣಕ್ಕೆ ಸಂಬಂಧಿಸಿದ್ದು. ಅಂಗಡಿಯಲ್ಲಿ ದೊರೆಯುವ ಯಾವುದೋ ಪುಡಿಗೆ ಇದೇ ಗುಣವಿದೆಯೆಂದು ಭಾವಿಸಿ ಬಡ ಕುಟುಂಬಗಳು ಹಣ ವ್ಯಯಿಸಬೇಕಾಗಿಲ್ಲ.

ಲಸಿಕೆಯ ಬಲ ಮತ್ತು ಅದರ ಮಿತಿ

ನಮ್ಮ ದೇಶದ ರೋಟಾವ್ಯಾಕ್ ಲಸಿಕೆಯ ಮೂಲ ದೆಹಲಿಯ ಏಮ್ಸ್ ಆಸ್ಪತ್ರೆಯ ನವಜಾತ ಶಿಶುಗಳಲ್ಲಿ ದೊರೆತ ವೈರಾಣುವಿನ ತಳಿ. ಸೋಂಕು ತಗುಲಿದ್ದರೂ ಆ ಶಿಶುಗಳಿಗೆ ಭೇದಿಯಾಗಿರಲಿಲ್ಲ. ಬೆಂಗಳೂರಿನ ನವಜಾತ ಶಿಶುಗಳಲ್ಲಿಯೂ ಇಂತಹದೇ ನಿರುಪದ್ರವಿ ತಳಿಯೊಂದು ದೊರೆತು, ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದರು. ರೋಟಾ ಲಸಿಕೆಯು 2016ರಲ್ಲಿ ನಾಲ್ಕು ರಾಜ್ಯಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿ, ಅನಂತರ ದೇಶಾದ್ಯಂತ ವಿಸ್ತರಿಸಿತು. 6, 10 ಮತ್ತು 14ನೇ ವಾರಗಳಲ್ಲಿ ಇದನ್ನು ಉಚಿತವಾಗಿ ಬಾಯಿಯ ಮೂಲಕ ನೀಡಲಾಗುತ್ತದೆ. ಮೊದಲ ಡೋಸು ಒಂದು ವರ್ಷದೊಳಗೆ ದೊರೆಯದಿದ್ದರೆ ಆ ಮಗುವಿಗೆ ಈ ಲಸಿಕೆ ತಪ್ಪಿದಂತೆಯೇ.

ಭಾರತದಲ್ಲಿ ನಡೆದ ಪರೀಕ್ಷೆಯಲ್ಲಿ ರೋಟಾವ್ಯಾಕ್ ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಸುಮಾರು ಶೇ 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಬಳಸುವ ರೋಟಾ ಲಸಿಕೆಗಳು ಅಲ್ಲಿ ಇದಕ್ಕಿಂತ ಬಹಳ ಹೆಚ್ಚಿನ ರಕ್ಷಣೆ ನೀಡಿದರೂ, ಏಷ್ಯಾ ಮತ್ತು ಆಫ್ರಿಕಾದ ಬಡ ಪ್ರದೇಶಗಳಲ್ಲಿ ಅವುಗಳ ಫಲವೂ ಕುಗ್ಗುತ್ತದೆ. ಮಲಿನ ಪರಿಸರದಲ್ಲಿ ಬೆಳೆಯುವ ಮಗುವಿನ ಕರುಳು ಪದೇಪದೇ ಸೋಂಕಿಗೀಡಾಗಿ ಊದಿಕೊಂಡಿರುವುದು, ಅಪೌಷ್ಟಿಕತೆ ಮತ್ತು ಕರುಳಿನ ಬ್ಯಾಕ್ಟೀರಿಯಾಗಳ ವ್ಯತ್ಯಾಸ ಇದಕ್ಕೆ ಕಾರಣಗಳಿರಬಹುದೆಂದು ತಜ್ಞರು ಅಭಿಪ್ರಾಯಪಡುತ್ತಾರೆ. ಜಿಂಬಾಬ್ವೆಯ ಗ್ರಾಮೀಣ ಪ್ರದೇಶದಲ್ಲಿ ನೀರು, ಶೌಚಾಲಯ ಮತ್ತು ಕೈತೊಳೆಯುವ ಸೌಲಭ್ಯಗಳನ್ನು ಸುಧಾರಿಸಿದ ಮನೆಗಳ ಶಿಶುಗಳಲ್ಲಿ ರೋಟಾ ಲಸಿಕೆಗೆ ದೊರೆತ ಸ್ಪಂದನೆ ಸ್ವಲ್ಪಮಟ್ಟಿಗೆ ಉತ್ತಮಗೊಂಡಿತು. ತಮಿಳುನಾಡಿನ ವೆಲ್ಲೂರಿನಲ್ಲಿ ಆ್ಯಂಟಿಬಯಾಟಿಕ್ ಕೊಟ್ಟು ಕರುಳನ್ನು ಶುದ್ಧಗೊಳಿಸಿ ಪೋಲಿಯೊ ಹನಿಯ ಫಲ ಹೆಚ್ಚಿಸುವ ಪ್ರಯತ್ನ ಮಾತ್ರ ಕೈಗೂಡಲಿಲ್ಲ. ಔಷಧದಿಂದ ಸಾಧ್ಯವಾಗದುದಕ್ಕೆ ಸ್ವಚ್ಛ ಪರಿಸರ ಒಂದಿಷ್ಟಾದರೂ ನೆರವಾಗಬಲ್ಲದು ಎಂಬುದು ಇಲ್ಲಿ ಗಮನಾರ್ಹ. ಲಸಿಕೆ ಆರೋಗ್ಯ ಇಲಾಖೆಯದು, ಚರಂಡಿ ಪಂಚಾಯಿತಿಯದು ಎಂದು ಬೇರ್ಪಡಿಸಿ ನೋಡುವಂತಿಲ್ಲ.

ಭೇದಿಯಾದಾಗ ಮಾಡಬೇಕಾದುದು

ಆ್ಯಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ವೈರಾಣುಗಳ ಮೇಲೆ ಅವುಗಳಿಗೆ ಯಾವ ಪ್ರಭಾವವೂ ಇಲ್ಲ. ವೈರಾಣು ಭೇದಿಗೆ ಅವನ್ನು ಕೊಟ್ಟರೆ ರೋಗ ಗುಣವಾಗದೆ, ಕಾವಲಿಗಿದ್ದ ಜೀವಿಗಳು ಮಾತ್ರ ನಾಶವಾಗುತ್ತವೆ. ಮಲದಲ್ಲಿ ರಕ್ತ ಕಂಡರೆ ವೈದ್ಯರು ಅವನ್ನು ಸೂಚಿಸಬಹುದು. ಆ ನಿರ್ಧಾರ ವೈದ್ಯರದೇ ಆಗಿರಬೇಕು.

ಒಂದು ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಮಗುವಿಗೆ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಬೇಕು. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ಅದರಲ್ಲಿರುವ ಗ್ಲೂಕೋಸ್ ಲವಣವನ್ನೂ ನೀರನ್ನೂ ಕರುಳಿನಿಂದ ದೇಹದೊಳಕ್ಕೆ ಸೆಳೆದುಕೊಳ್ಳಲು ನೆರವಾಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಈ ದ್ರಾವಣದಿಂದ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ಇದರೊಡನೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು: 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, 6 ತಿಂಗಳು ಮೀರಿದ ಮಗುವಿಗೆ 20 ಮಿಲಿಗ್ರಾಂ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬಾರದು. ತಾಯಿಯ ಹಾಲು ಮತ್ತು ಊಟವನ್ನು ಎಂದಿನಂತೆ ಮುಂದುವರಿಸಬೇಕು.

ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದಿರುಗಿದರೆ, ಮಗು ಮಂಕಾಗಿ ಕುಡಿಯಲಾರದಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯಲ್ಲಿ ಒಂದು ವರ್ಷದೊಳಗಿನ ಎಲ್ಲ ಶಿಶುಗಳ ಲಸಿಕಾ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರೊಡನೆ ಪರಿಶೀಲಿಸುವುದು. ಕಬ್ಬು ಕಟಾವು, ಇಟ್ಟಿಗೆ ಗೂಡು ಮತ್ತು ತೋಟದ ಕೆಲಸಕ್ಕೆ ಬಂದಿರುವ ವಲಸೆ ಕುಟುಂಬಗಳ ಮಕ್ಕಳ ಹೆಸರನ್ನು ಸೇರಿಸಲು ಮರೆಯದಿರುವುದು.

2. ನೀರಿನ ಟ್ಯಾಂಕುಗಳನ್ನು ನಿಯಮಿತವಾಗಿ ತೊಳೆಸಿ, ಕ್ಲೋರಿನೀಕರಣ ಮಾಡಿಸುವುದು. ಬಡಾವಣೆಯ ಕೊನೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರುವುದನ್ನು ನೀರುಗಂಟಿಯವರಿಂದ ಪರೀಕ್ಷಿಸಿ, ದಾಖಲಿಸುವುದು. ಚರಂಡಿಯೊಳಗೆ ಹಾದುಹೋಗುವ ಒಡೆದ ಕೊಳವೆಗಳನ್ನು ಮಳೆಗಾಲಕ್ಕೆ ಮುನ್ನವೇ ಬದಲಿಸುವುದು.

3. ಅಂಗನವಾಡಿ ಮತ್ತು ಕೂಸಿನ ಮನೆಗಳಲ್ಲಿ ಮಕ್ಕಳ ಎತ್ತರಕ್ಕೆ ನಿಲುಕುವ ನಲ್ಲಿ, ಸಾಬೂನು ಮತ್ತು ಬಳಸಲು ಯೋಗ್ಯವಾದ ಶೌಚಾಲಯ ಒದಗಿಸುವುದು. ಶಿಶುವಿನ ಮಲವನ್ನು ಅಂಗಳಕ್ಕೆ ಎಸೆಯದೆ ಶೌಚಾಲಯಕ್ಕೆ ಹಾಕುವಂತೆ ತಿಳಿವಳಿಕೆ ನೀಡುವುದು. ಎಳೆಯ ಮಕ್ಕಳ ಮಲ ನಿರಪಾಯಕಾರಿ ಎಂಬ ನಂಬಿಕೆ ತಪ್ಪು.

4. ಪ್ರತಿ ಗ್ರಾಮದಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಮತ್ತು ಸತುವಿನ ಮಾತ್ರೆಗಳ ದಾಸ್ತಾನು ಇರುವುದನ್ನು ಖಚಿತಪಡಿಸಿಕೊಂಡು, ಕೊರತೆಯಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಿಖಿತವಾಗಿ ತಿಳಿಸುವುದು.

5. ಗ್ರಾಮೀಣ ಉದ್ಯೋಗ ಖಾತರಿ ಹಾಗೂ ಇತರ ಕಾಮಗಾರಿಗಳ ಸ್ಥಳದಲ್ಲಿ ತಾಯಂದಿರಿಗೆ ಹಾಲುಣಿಸಲು ನೆರಳು ಮತ್ತು ಬಿಡುವು ದೊರೆಯುವಂತೆ ನೋಡಿಕೊಳ್ಳುವುದು.

ಇವುಗಳಲ್ಲಿ ಯಾವುದಕ್ಕೂ ಹೊಸ ಯೋಜನೆಯ ಅಗತ್ಯವಿಲ್ಲ. ಭೇದಿಯಿಂದ ಮಗುವೊಂದು ತೀರಿಕೊಂಡ ಗ್ರಾಮದಲ್ಲಿ ಲಸಿಕೆಯ ಯಾವ ಡೋಸು ತಪ್ಪಿತ್ತು, ಯಾವ ಕೊಳವೆ ಒಡೆದಿತ್ತು, ಓಆರ್‌ಎಸ್ ಎಷ್ಟು ಗಂಟೆ ತಡವಾಗಿ ದೊರೆಯಿತು ಎಂಬುದನ್ನು ನಂತರ ವಿಚಾರಿಸುವುದಕ್ಕಿಂತ, ಮುಂಬರುವ ಸಾಮಾನ್ಯ ಸಭೆಯಲ್ಲಿಯೇ ಈ ಪ್ರಶ್ನೆಗಳನ್ನು ಕಾರ್ಯಸೂಚಿಯಲ್ಲಿ ಸೇರಿಸುವುದು ಸೂಕ್ತ.