ಕೆಟಲ್‌ನ ತಳದಲ್ಲಿ ಸುಣ್ಣ

ಹೊಸ ಮನೆ ಕಟ್ಟಿಸುವಾಗ ಕಾರಿಗೆ ಜಾಗ ಬೇಕೆಂದು ನಾವು ಅಂಗಳದ ಬಾವಿಯನ್ನು ಮುಚ್ಚಿಸಿದೆವು. ಉಮ್ಮ ಬೇಡ ಎಂದಿದ್ದರು, ಕೇಳಲಿಲ್ಲ. ಹಿತ್ತಲಲ್ಲಿ ಬೋರ್ ಹೊಡೆಸಿದೆವು, ನೀರೂ ಬೇಕಾದಷ್ಟು ಬಂತು. ವರ್ಷ ತುಂಬುವುದರೊಳಗೆ ಕೆಟಲ್‌ನ ತಳ ಬೆಳ್ಳಗಾಯಿತು, ಶವರಿನ ತೂತುಗಳು ಮುಚ್ಚಿದವು, ಗೀಸರಿನ ಕಾಯಿಲ್ ಹೋಯಿತು. ಸಾಬೂನು ಎಷ್ಟು ತಿಕ್ಕಿದರೂ ನೊರೆಯೇ ಇಲ್ಲ ಮಾರಾಯ್ರೆ! ಕಡಲೆ ಬೇಯಿಸಲು ಕುಕ್ಕರ್ ಎಷ್ಟು ಸಲ ಕೂಗಬೇಕೋ.

ನಮ್ಮೂರಿನ ಮುರಕಲ್ಲಿನ ಬಾವಿಯಲ್ಲಿರುವುದು ಹೆಚ್ಚಾಗಿ ಮೊನ್ನೆ ಮೊನ್ನೆ ಇಳಿದ ಮಳೆ ನೀರು, ಹಾಗಾಗಿ ಮೆದು. ಬೋರಿನದ್ದು ಆಳದ ಬಂಡೆಯ ಬಿರುಕಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡ ನೀರು. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮದು 400 ದಾಟಿತ್ತು.

ಈ ನೀರಲ್ಲಿ ವುಝೂ ಆಗುತ್ತದಾ ಎಂದು ಮನೆಯಲ್ಲಿ ಚರ್ಚೆಯಾಯಿತು. ಉಸ್ತಾದರಲ್ಲಿ ಕೇಳಿದಾಗ, ಸಮುದ್ರದ ನೀರಲ್ಲೇ ಆಗುತ್ತದೆ, ಇದರಲ್ಲಿ ಯಾಕೆ ಆಗುವುದಿಲ್ಲ ಎಂದು ನಕ್ಕರು.

ಯಾರೋ ಪಟಿಕ ಹಾಕಿ ಎಂದರು. ಪಟಿಕ ಕೆಸರನ್ನು ತಳಕ್ಕಿಳಿಸುತ್ತದೆಯೇ ಹೊರತು ಗಡಸನ್ನಲ್ಲ. ಕುದಿಸಿದರೆ ಗಡಸಿನ ಒಂದು ಪಾಲು ಸುಣ್ಣವಾಗಿ ತಳಕ್ಕೆ ಕೂರುತ್ತದೆ, ಎಲ್ಲವೂ ಹೋಗುವುದಿಲ್ಲ. ಕೆಟಲಿಗೆ ನೀರು, ವಿನೆಗರ್ ಸಮಪಾಲು ಹಾಕಿ ಒಂದು ಗಂಟೆ ಬಿಟ್ಟರೆ ಪೊರೆ ಕಳಚುತ್ತದೆ. ಲಿಂಬೆಯೂ ಆಗುತ್ತದೆ. ಹಾಲಿಲ್ಲದ ಚಹಾದ ಮೇಲೆ ಕಟ್ಟುವ ಕೆನೆಯಂಥ ಪದರ ಲಿಂಬೆ ಹಿಂಡಿದ ಸುಲೈಮಾನಿಯಲ್ಲಿ ಕಾಣದಿರುವುದೂ ಹುಳಿಯಿಂದಲೇ. ಆದರೆ ಮಾರ್ಬಲ್ ಮೇಲೆ ಹುಳಿ ಬೀಳಿಸಬೇಡಿ, ಕಲ್ಲು ತಿಂದುಬಿಡುತ್ತದೆ. ಬಾತ್‌ರೂಮಿಗೆ ಆಸಿಡ್ ಹಾಕುವವರು ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಲೇಬಾರದು. ಅದರಿಂದ ಏಳುವ ಕ್ಲೋರಿನ್ ವಿಷದ ಗಾಳಿ. ಬಟ್ಟೆಗೆ ಸ್ವಲ್ಪ ವಾಷಿಂಗ್ ಸೋಡಾ ಸಾಕು, ಸಾಬೂನೂ ಉಳಿಯುತ್ತದೆ.

ಯಂತ್ರ ಮಾರಲು ಬಂದವರು ಇಡೀ ಮನೆಗೆ ಸಾಫ್ಟ್‌ನರ್ ಬೇಕೆಂದರು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಉಮ್ಮನಿಗೆ ಬಿಪಿ ಇರುವುದರಿಂದ ಅಡುಗೆಮನೆ ನಳ್ಳಿಯನ್ನು ಬಿಟ್ಟು ಗೀಸರಿನ ಸಾಲಿಗೆ ಮಾತ್ರ ಹಾಕಿಸಿದೆವು. ಆರ್‌ಒ ಇರುವ ಮನೆಯವರು ಹೊರಬೀಳುವ ನೀರನ್ನು ಮೋರಿಗೆ ಬಿಟ್ಟರೆ ಇಸ್ರಾಫ್ ಅಲ್ಲದೆ ಮತ್ತೇನು? ನೆಲ ಒರೆಸಲು, ಪಾಯಿಖಾನೆಗೆ ಅದು ಧಾರಾಳ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ. 1,000 ಚದರ ಅಡಿಯ ತಾರಸಿಗೆ ಬೀಳುವುದೇ ಮೂರು ಲಕ್ಷ ಲೀಟರಿಗಿಂತ ಹೆಚ್ಚು, ಅದರಲ್ಲಿ ಗಡಸು ಎಂಬುದೇ ಇಲ್ಲ. ಬಾವಿ ಉಳಿಸಿಕೊಂಡವರು ಪೈಪಿನ ಬಾಯಿಗೆ ಜಲ್ಲಿ, ಮರಳಿನ ಸೋಸುಗುಂಡಿ ಮಾಡಿ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಬಾವಿಗಿಳಿಸಬಹುದು. ನಾವು ಮುಚ್ಚಿದ್ದನ್ನು ತೆಗೆಸಲು ಬಾವಿ ಕೆಲಸದವರನ್ನು ಕರೆಸಿ ಕೇಳಿದೆವು. ಮುಚ್ಚಿಸಿದ್ದಕ್ಕಿಂತ ನಾಲ್ಕು ಪಟ್ಟು ಖರ್ಚಂತೆ. ಮಳೆಗಾಲಕ್ಕೆ ಮೊದಲು ಬರಲು ಹೇಳಿದ್ದೇವೆ. ಕಾರು ಹೊರಗೇ ನಿಲ್ಲಲಿ ಎಂದು ಉಮ್ಮ ಈಗಲೇ ತೀರ್ಮಾನಿಸಿ ಆಗಿದೆ.